ಗ್ಲಾಸಿನಲ್ಲಿ ಜ್ವಾಲಾಮುಖಿ ಇಲ್ಲ ಸ್ವಾಮಿ

ಮೊದಲು ನನ್ನ ತಪ್ಪು ಒಪ್ಪಿಕೊಂಡುಬಿಡ್ತೀನಿ. ಕಳೆದ ಅಕ್ಟೋಬರಿನಲ್ಲಿ ಸಿಸಿಲಿಯ ಎಟ್ನಾ ಬೆಟ್ಟದ ಇಳಿಜಾರಿನ ಒಂದು ದ್ರಾಕ್ಷಿ ತೋಟದಲ್ಲಿ ಕೂತು, ಗ್ಲಾಸಿಗೆ ಮೂಗು ತೂರಿಸಿ, ಕಣ್ಣು ಅರ್ಧ ಮುಚ್ಚಿ, "ಹೌದ್ಹೌದು, ಜ್ವಾಲಾಮುಖಿ ಗೊತ್ತಾಗ್ತಿದೆ" ಅಂದವನು ನಾನು. ನನಗೆ ನಿಜವಾಗಿ ಗೊತ್ತಾಗಿದ್ದು ಇಷ್ಟೇ: ವೈನ್ ಸ್ವಲ್ಪ ಹುಳಿಯಾಗಿತ್ತು, ತಣ್ಣಗಿತ್ತು, ಚೆನ್ನಾಗಿತ್ತು. ಆದರೆ ಮೇಜಿನ ಸುತ್ತ ಕೂತಿದ್ದ ಎಂಟು ಜನರಲ್ಲಿ ಏಳು ಜನ ಆಗಲೇ ತಲೆಯಾಡಿಸಿದ್ದರು. ಆಫೀಸಿನ ಮೀಟಿಂಗಿನಲ್ಲಿ ಅರ್ಥವಾಗದ ಸ್ಲೈಡಿಗೂ ತಲೆಯಾಡಿಸಿ ಅಭ್ಯಾಸ ಇರುವವನಿಗೆ ಇದೇನು ಮಹಾ?

ದಸರಾ ರಜೆಗೆ ಹೋಗಿದ್ದೆವು. ಕಟಾನಿಯಾ ಊರಿನಿಂದ ಕಾರಿನಲ್ಲಿ ಒಂದು ಗಂಟೆ ದಾರಿ, ಬೆಟ್ಟದ ಉತ್ತರ ಮೈ. ಐದು ಬಗೆಯ ವೈನ್, ಜೊತೆಗೆ ಊಟ, ತಲೆಗೆ 80 ಯೂರೊ. ನಮ್ಮ ಲೆಕ್ಕದಲ್ಲಿ ಏಳು ಸಾವಿರ ರೂಪಾಯಿಗೂ ಮೇಲೆ. ಊಟದ ಬಗ್ಗೆ ನನ್ನ ತಕರಾರಿಲ್ಲ. ಹುಳಿ-ಸಿಹಿ ಬದನೆಕಾಯಿಯ ಕಪೊನಾತಾ, ಬದನೆಕಾಯಿಯದ್ದೇ ಇನ್ನೊಂದು ಪಾಸ್ತಾ, ಕುರಿಹಾಲಿನ ಚೀಸು, ಬ್ರೊಂತೆ ಊರಿನ ಪಿಸ್ತಾ. ಎಣಗಾಯಿ ತಿಂದು ಬೆಳೆದ ನಾಲಿಗೆಗೆ ಬದನೆಕಾಯಿಯನ್ನು ಇಷ್ಟು ಗೌರವದಿಂದ ನೋಡಿಕೊಳ್ಳುವ ಇನ್ನೊಂದು ನಾಡು ಸಿಕ್ಕಿತು ಅಂತ ಖುಷಿಯೇ ಆಯಿತು. ತೋಟ ತೋರಿಸಿದ ಹುಡುಗಿ ಒಳ್ಳೆಯವಳು, ಮಾತು ಬಲ್ಲವಳು. ನಾಲ್ಕು ಗಂಟೆಯಲ್ಲಿ 'ಲಾವಾ' ಅನ್ನೋ ಪದವನ್ನು ಎಷ್ಟು ಸಲ ಹೇಳಿದಳೋ ಲೆಕ್ಕವಿಲ್ಲ. ಈ ವೈನಿನಲ್ಲಿ ಹೊಗೆ ಇದೆ, ಇದರಲ್ಲಿ ಬೆಂಕಿಕಲ್ಲು, ಇದರಲ್ಲಿ ಬೂದಿ. ಕೆಳಗಿನ ಪಟ್ಟಿಯಲ್ಲಿ ಹತ್ತು-ಹನ್ನೆರಡು ಜನ ಬಗ್ಗಿಕೊಂಡು ಹಣ್ಣು ಕೊಯ್ಯುತ್ತಿದ್ದರು. ನಾವು ಅವರ ಫೋಟೋ ತೆಗೆದೆವು. ಬೆಟ್ಟದ ತುದಿಯ ಹೊಗೆಯೂ ಅದೇ ಫ್ರೇಮಿನಲ್ಲಿ ಬರೋ ಹಾಗೆ.

ದೀಪಾವಳಿಗೆ ಊರಿಗೆ ಹೋದೆ. ನಮ್ಮದು ವಿಜಯಪುರ ಜಿಲ್ಲೆಯ ತಿಕೋಟಾ ಕಡೆ. ಅಪ್ಪ ದ್ರಾಕ್ಷಿ ಬೆಳೆಗಾರ. ಇಷ್ಟು ವರ್ಷ ಬೆಳೆದರೂ ವೈನ್ ಬಾಯಿಗೆ ಹಾಕಿದವರಲ್ಲ. ಆಗಷ್ಟೇ ಅಕ್ಟೋಬರ್ ಚಾಟ್ನಿ ಮುಗಿಸಿ ಕೂತಿದ್ದರು. ಫೋನಿನಲ್ಲಿ ಫೋಟೋ ತೋರಿಸಿದೆ. ಬೆಟ್ಟ, ಹೊಗೆ, ಗ್ಲಾಸು ಎಲ್ಲವನ್ನೂ ದಾಟಿ ಅವರ ಬೆರಳು ಒಂದು ಬಳ್ಳಿಯ ಮೇಲೆ ನಿಂತಿತು. ಚಪ್ಪರವಿಲ್ಲ, ತಂತಿಯಿಲ್ಲ. ಸೊಂಟದೆತ್ತರದ ಗಿಡ, ಪಕ್ಕದಲ್ಲಿ ಒಂದು ಗೂಟ.

"ಗಿಡಕ್ಕ ಎಷ್ಟ ಕಡ್ಡಿ ಬಿಡ್ತಾರ? ಕಡ್ಡಿಗೆ ಎಷ್ಟ ಕಣ್ಣ?"

ಗೊತ್ತಿಲ್ಲ ಅಂದೆ.

"ಈ ಒಡ್ಡ ಯಾರ ಹಾಕ್ಯಾರ? ಕಲ್ಲ ಕಲ್ಲ ಕೂಡಿಸಿದ್ದು, ಸಿಮಿಟಿ ಕಾಣಂಗಿಲ್ಲಲ್ಲ."

ಗೊತ್ತಿಲ್ಲ.

"ಗುಡ್ಡದ ಬೂದಿ ಬೆಳಿ ಮ್ಯಾಲ ಬಿದ್ರ ಏನ್ ಮಾಡ್ತಾರ?"

ಕೇಳಲಿಲ್ಲ ಅಪ್ಪ.

"ಆಳಿನ ಪಗಾರ ಎಷ್ಟ?"

ನಾನು ಸುಮ್ಮನಿದ್ದೆ. ಅಪ್ಪ ಫೋನು ವಾಪಸ್ ಕೊಟ್ಟು, "ಮತ್ತ ನಾಕ ತಾಸ ಏನ ಮಾಡಿದ್ಯೋ ತಮ್ಮಾ ಅಲ್ಲಿ?" ಅಂದರು. ಬೈದಿದ್ದಲ್ಲ. ನಿಜವಾಗಿಯೂ ತಿಳಿಯದೆ ಕೇಳಿದ್ದು.

ಆ ಪ್ರಶ್ನೆಗೆ ಉತ್ತರ ಹುಡುಕುತ್ತಾ ಈ ಅಂಕಣ ಬರೀತಿದ್ದೀನಿ. ನನ್ನ ವಾದ ಇದು: ಇಂಥ ತೋಟಗಳಲ್ಲಿ ನಮಗೆ ಬಡಿಸೋ 'ಜ್ವಾಲಾಮುಖಿಯ ರುಚಿ' ಅನ್ನೋದು ಮುಕ್ಕಾಲು ಪಾಲು ಕಟ್ಟುಕಥೆ. ಕಟ್ಟುಕಥೆಯಾಗಿದ್ದರೆ ನಷ್ಟವಿರಲಿಲ್ಲ, ರಜೆಯಲ್ಲಿ ಕಥೆ ಕೇಳೋಕೇ ಹೋಗಿರ್ತೀವಿ. ಆದರೆ ಈ ಕಥೆ ಇನ್ನೊಂದು ನಿಜವನ್ನು ಮುಚ್ಚಿಹಾಕುತ್ತೆ, ಮತ್ತು ನಾವು ದುಡ್ಡು ಕೊಟ್ಟು ಮುಚ್ಚಿಸಿಕೊಂಡು ಬರ್ತೀವಿ.

ಮೊದಲು ರುಚಿಯ ವಿಷಯ. ಬಳ್ಳಿಯ ಬೇರು ಕಲ್ಲನ್ನು ಕರಗಿಸಿ, ಹೀರಿ, ಹಣ್ಣಿಗೆ ಕಳಿಸೋದಿಲ್ಲ. ಬಸಾಲ್ಟ್ ಶಿಲೆ ನೀರಿನಲ್ಲಿ ಸುಲಭಕ್ಕೆ ಕರಗದ ಸಿಲಿಕೇಟ್ ಖನಿಜಗಳ ಗಟ್ಟಿ. ಅದಕ್ಕೆ ವಾಸನೆಯಿಲ್ಲ, ರುಚಿಯಿಲ್ಲ. ಬೇಕಾದರೆ ನಿಮ್ಮ ಮನೆಯ ಒರಳುಕಲ್ಲನ್ನು ನೆಕ್ಕಿ ನೋಡಿ. ಬೇರು ತಗೊಳ್ಳೋದು ನೀರು, ಅದರಲ್ಲಿ ಕರಗಿದ ಪೊಟ್ಯಾಸಿಯಂ, ಕ್ಯಾಲ್ಸಿಯಂನಂಥ ಕೆಲವು ಪೋಷಕಾಂಶ. ಅದೂ ನಾಲಿಗೆಗೆ ತಿಳಿಯದಷ್ಟು ಕಡಿಮೆ. ವೇಲ್ಸ್‌ನ ಭೂವಿಜ್ಞಾನಿ ಅಲೆಕ್ಸ್ ಮಾಲ್ಟ್‌ಮನ್ 2018ರಲ್ಲಿ ಕಲ್ಲು, ಮಣ್ಣು, ದ್ರಾಕ್ಷಿ ತೋಟಗಳ ಬಗ್ಗೆ ಒಂದಿಡೀ ಪುಸ್ತಕವನ್ನೇ ಬರೆದಿದ್ದಾರೆ. ವೈನಿನಲ್ಲಿ ಕಲ್ಲಿನ ರುಚಿ ಅನ್ನೋದು ಹೋಲಿಕೆಯ ಮಾತೇ ಹೊರತು ನೇರವಾಗಿ ನೆಲದಿಂದ ಬಂದದ್ದಲ್ಲ ಅನ್ನೋದು ಅವರು ವರ್ಷಗಟ್ಟಲೆ ಹೇಳಿಕೊಂಡು ಬಂದ ಮಾತು. ಬೆಂಕಿಕಲ್ಲು ಉಜ್ಜಿದ ಹಾಗೆ ಬರೋ ವಾಸನೆ ವೈನ್ ತಯಾರಾಗುವಾಗ ಹುಟ್ಟೋ ಗಂಧಕದ ಸಂಯುಕ್ತಗಳದ್ದು. ನಾವು 'ಖನಿಜ' ಅಂತ ಕರೆಯೋ ಆ ಚುರುಕು ಬಹುಪಾಲು ಹುಳಿಯದ್ದು.

ಹಾಗಾದರೆ ಬೆಟ್ಟಕ್ಕೆ ಏನೂ ಪಾತ್ರವಿಲ್ಲವಾ? ಇದೆ, ದೊಡ್ಡದೇ ಇದೆ. ತೋಟಗಳು ಸಮುದ್ರ ಮಟ್ಟದಿಂದ 400 ಮೀಟರಿಗೂ ಮೇಲೆ, ಕೆಲವು 1000 ಮೀಟರಿನ ಆಸುಪಾಸಿನಲ್ಲಿವೆ. ಹಗಲು ಸಿಸಿಲಿಯ ಬಿಸಿಲು, ರಾತ್ರಿ ಬೆಟ್ಟದ ಚಳಿ. ಹಣ್ಣು ನಿಧಾನಕ್ಕೆ ಮಾಗುತ್ತೆ, ಹುಳಿ ಉಳಿಯುತ್ತೆ. ಇಲ್ಲಿನ ಕೆಂಪು ವೈನಿನ ತಳಿ ನೆರೆಲ್ಲೊ ಮಸ್ಕಲೇಸೆ ಅಕ್ಟೋಬರಿನವರೆಗೂ ಬಳ್ಳಿಯಲ್ಲೇ ಕೂರುತ್ತೆ. ಬಿಳಿಯ ಕಾರಿಕಾಂತೆ ತಳಿಯ ಹುಳಿಯೇ ಅದರ ಹೆಸರು ಉಳಿಸಿದೆ. ಸಡಿಲ ಬೂದಿಮಣ್ಣಿನಲ್ಲಿ ನೀರು ನಿಲ್ಲೋದಿಲ್ಲ. 19ನೇ ಶತಮಾನದಲ್ಲಿ ಯುರೋಪಿನ ದ್ರಾಕ್ಷಿಯನ್ನೆಲ್ಲ ತಿಂದುಹಾಕಿದ ಫಿಲಾಕ್ಸೆರಾ ಹುಳಕ್ಕೆ ಮರಳಿನಂಥ ಮಣ್ಣು ಆಗೋದಿಲ್ಲ. ಅದಕ್ಕೇ ಎಟ್ನಾದ ಕೆಲವು ಕಡೆ ಕಸಿ ಮಾಡದ ಹಳೇ ಬಳ್ಳಿಗಳು ಇವತ್ತಿಗೂ ಸ್ವಂತ ಬೇರಿನ ಮೇಲೆ ನಿಂತಿವೆ. ಇದೆಲ್ಲ ನಿಜ, ಇದನ್ನೇ ಹೇಳಿದ್ದರೆ ಸಾಕಿತ್ತು. ಆದರೆ ಎತ್ತರ, ಚಳಿ, ಬಸಿಗಾಲುವೆ ಅಂದರೆ ಯಾರು ರೀಲ್ಸ್ ಮಾಡ್ತಾರೆ? ಬೆಂಕಿ ಅಂದರೆ ಮಾಡ್ತಾರೆ.

ಆ ಬೆಂಕಿಯ ಜೊತೆ ಬದುಕೋದು ಹೇಗಿರುತ್ತೆ ಅನ್ನೋದನ್ನು ಮೇಜಿನ ಮೇಲೆ ಯಾರೂ ಬಡಿಸೋದಿಲ್ಲ. 1928ರ ನವೆಂಬರಿನಲ್ಲಿ ಲಾವಾ ಇಳಿದು ಮಸ್ಕಾಲಿ ಅನ್ನೋ ಊರನ್ನು ನುಂಗಿತು. ಈಗಿನ ಮಸ್ಕಾಲಿ ಆಮೇಲೆ ಬೇರೆ ಜಾಗದಲ್ಲಿ ಕಟ್ಟಿದ ಊರು. 1981ರ ಮಾರ್ಚಿನಲ್ಲಿ ನಾವು ಊಟ ಮಾಡಿದ ಅದೇ ಉತ್ತರದ ಮೈಯಲ್ಲಿ ಲಾವಾ ಹರಿದು ರಂದಾತ್ಸೊ ಊರಿನ ಅಂಚಿಗೆ ಬಂತು. ರಸ್ತೆ, ರೈಲುಹಳಿ ಕತ್ತರಿಸಿ, ತೋಟಗಳನ್ನು ಹೂತು, ಕೆಳಗಿನ ನದಿಯವರೆಗೂ ಹೋಯಿತು. 2021ರಲ್ಲಂತೂ ಫೆಬ್ರವರಿಯಿಂದ ಅಕ್ಟೋಬರಿನೊಳಗೆ ಬೆಟ್ಟ 50ಕ್ಕೂ ಹೆಚ್ಚು ಸಲ ಉಗುಳಿತು. ಆ ವರ್ಷ ಅಳೆದಾಗ ಅದರ ಎತ್ತರ 3357 ಮೀಟರ್, ಅಲ್ಲಿಯವರೆಗಿನ ದಾಖಲೆ. ನಮಗೆ ಅದು ವಾಟ್ಸಾಪಿನಲ್ಲಿ ಬಂದ ಚೆಂದದ ವಿಡಿಯೋ. ಅವರಿಗೆ ಮಾಳಿಗೆ, ಚರಂಡಿ, ಎಲೆ, ಗೊಂಚಲು ಎಲ್ಲದರ ಮೇಲೂ ಕಪ್ಪು ಹರಳು. ಬೂದಿ ಬಿದ್ದ ದಿನ ಕಟಾನಿಯಾದಲ್ಲಿ ಬೈಕು-ಸ್ಕೂಟರು ಓಡಿಸೋದನ್ನೇ ನಿಷೇಧಿಸ್ತಾರೆ, ಚಕ್ರ ಜಾರುತ್ತೆ ಅಂತ. ನಮ್ಮ ಸಿಲ್ಕ್ ಬೋರ್ಡಿನಲ್ಲಿ ಒಂದು ದಿನ ದ್ವಿಚಕ್ರ ವಾಹನ ನಿಲ್ಲಿಸಿದರೆ ಏನಾಗುತ್ತೆ, ಯೋಚಿಸಿ.

ಇನ್ನು 'ಜ್ವಾಲಾಮುಖಿ ಕೊಟ್ಟ ಮಣ್ಣು' ಅನ್ನೋ ಮಾತು. ಜ್ವಾಲಾಮುಖಿ ಮಣ್ಣು ಕೊಡೋದಿಲ್ಲ ರೀ, ಕಲ್ಲು ಕೊಡುತ್ತೆ. ಹೊಸ ಲಾವಾ ಹರಿದ ಬಂಡೆಬಯಲನ್ನು ಅಲ್ಲಿನ ಜನ 'ಶಾರಾ' ಅಂತಾರೆ. ಮೊದಲು ಅದರ ಮೇಲೆ ಬೂದುಬಣ್ಣದ ಕಲ್ಲುಹೂವು ಹತ್ತಬೇಕು, ಆಮೇಲೆ ಹಳದಿ ಹೂವಿನ ಪೊದೆ, ಆಮೇಲೆ ಮರ. ಇದಕ್ಕೆ ನೂರಾರು ವರ್ಷ ಬೇಕು. ಅಷ್ಟು ಕಾಯಲಾರದೆ ರೈತರು ಪಾಪಾಸುಕಳ್ಳಿ ನೆಟ್ಟು ಅದರ ಬೇರಿನಿಂದ ಬಂಡೆ ಸೀಳಿಸಿದರು. ಕೈಯಿಂದ ಕಲ್ಲು ಆರಿಸಿ, ಗಾರೆ ಇಲ್ಲದೆ ಒಂದರ ಮೇಲೊಂದು ಕೂಡಿಸಿ ಒಡ್ಡು ಹಾಕಿದರು. ಒಡ್ಡಿನ ಹಿಂದೆ ಮಣ್ಣು ತುಂಬಿ ಪಟ್ಟಿ ಮಾಡಿದರು. ಮಿಕ್ಕ ಕಲ್ಲನ್ನು ತೋಟದ ನಡುವೆ ಗೋಪುರದ ಹಾಗೆ ಪೇರಿಸಿದರು. ಪ್ರವಾಸಿಗಳು ಅದನ್ನು ಯಾವುದೋ ಪುರಾತನ ಪಿರಮಿಡ್ ಅಂದುಕೊಂಡು ಫೋಟೋ ತೆಗೀತಾರೆ. ನಾನೂ ತೆಗೆದಿದ್ದೆ. ಅದು ಹೊಲ ಹಸನು ಮಾಡಿದವರ ಕಲ್ಲಿನ ರಾಶಿ.

ಬಳ್ಳಿಯದ್ದೂ ಇದೇ ಕಥೆ. ಗೂಟದ ಆಸರೆಯಲ್ಲಿ ಪುಟ್ಟ ಮರದ ಹಾಗೆ ಬೆಳೆಸೋ ಈ ಕ್ರಮಕ್ಕೆ ಆಲ್ಬೆರೆಲ್ಲೊ ಅಂತಾರೆ. ಗೂಟ ಅದೇ ಬೆಟ್ಟದ ಚೆಸ್ಟ್‌ನಟ್ ಮರದ್ದು. ಇಂಥ ಇಳಿಜಾರಿನ ಪಟ್ಟಿಗಳಿಗೆ ಟ್ರ್ಯಾಕ್ಟರ್ ಹತ್ತೋದಿಲ್ಲ. ಚಾಟ್ನಿ, ಅಗೆತ, ಕಟ್ಟೋದು, ಕೊಯ್ಲು ಎಲ್ಲವೂ ಕೈಕೆಲಸ. ಕಟಾನಿಯಾದಲ್ಲಿ ದ್ರಾಕ್ಷಿ ಕೆಲಸಗಾರರ ಸಂಘ 1435ರಷ್ಟು ಹಿಂದೆಯೇ ಇತ್ತು. ಅದೊಂದು ಕಲಿತು ಗಳಿಸಬೇಕಾದ ಕಸುಬು. ಯುನೆಸ್ಕೊ ಎಟ್ನಾ ಬೆಟ್ಟವನ್ನು ವಿಶ್ವಪರಂಪರೆಯ ಪಟ್ಟಿಗೆ ಸೇರಿಸಿದ್ದು 2013ರಲ್ಲಿ, ನಿಸರ್ಗದ ತಾಣ ಅಂತ. ಗಾರೆಯಿಲ್ಲದೆ ಕಲ್ಲು ಕೂಡಿಸಿ ಗೋಡೆ ಕಟ್ಟೋ ವಿದ್ಯೆಯನ್ನು, ಇಟಲಿಯೂ ಸೇರಿದಂತೆ ಎಂಟು ದೇಶಗಳ ಹೆಸರಿನಲ್ಲಿ, ತನ್ನ ಇನ್ನೊಂದು ಪಟ್ಟಿಗೆ ಸೇರಿಸಿದ್ದು 2018ರಲ್ಲಿ. ಬೆಟ್ಟಕ್ಕೆ ಮೊದಲ ಹಾರ, ಕೈಗೆ ಆಮೇಲೆ. ಪ್ರವಾಸಿಯ ಕಣ್ಣೂ ಇದೇ ಕ್ರಮದಲ್ಲಿ ನೋಡುತ್ತೆ. ವ್ಯತ್ಯಾಸ ಇಷ್ಟೇ, ಎರಡನೆಯದು ಬರೋ ಹೊತ್ತಿಗೆ ನಮ್ಮ ಟ್ಯಾಕ್ಸಿ ಬಂದಿರುತ್ತೆ.

ನಾವು ಊಟ ಮಾಡಿದ್ದು ಹಳೆಯ ಪಾಲ್ಮೆಂತೊದಲ್ಲಿ. ಅಂದರೆ ಲಾವಾ ಕಲ್ಲಿನಲ್ಲಿ ಕಟ್ಟಿದ ವೈನ್ ಮಾಡುವ ಮನೆ. ಮೇಲಿನ ತೊಟ್ಟಿಯಲ್ಲಿ ಜನ ಬರಿಗಾಲಲ್ಲಿ ಹಣ್ಣು ತುಳೀತಿದ್ದರು, ರಸ ತಾನಾಗಿ ಕೆಳಗಿನ ತೊಟ್ಟಿಗೆ ಇಳೀತಿತ್ತು. ಉಳಿದ ಹಿಪ್ಪೆಯನ್ನು ಉದ್ದನೆಯ ಮರದ ತೊಲೆಯ ಭಾರದಲ್ಲಿ ಹಿಂಡುತ್ತಿದ್ದರು. ನೈರ್ಮಲ್ಯದ ನಿಯಮ ಬಂದ ಮೇಲೆ ಮಾರಾಟದ ವೈನನ್ನು ಅಲ್ಲಿ ಮಾಡುವಂತಿಲ್ಲ. ಸರಿಯೇ ಇರಬಹುದು. ಈಗ ತುಳಿಯೋ ತೊಟ್ಟಿಯಲ್ಲಿ ಮೇಣದ ಬತ್ತಿ ಹಚ್ಚಿಟ್ಟಿದ್ದಾರೆ, ತೊಲೆಯ ಕೆಳಗೆ ನಮ್ಮ ಮೇಜು. ಕೆಲಸದ ಜಾಗದಿಂದ ಕೆಲಸವನ್ನು ತೆಗೆದರೆ ಉಳಿಯೋದಕ್ಕೆ ಈಗ 'ಆಂಬಿಯನ್ಸ್' ಅಂತ ಹೆಸರು.

ಆ ಕೆಲಸದ ಲೆಕ್ಕಕ್ಕೆ ಬೆಟ್ಟದ ಇತಿಹಾಸವೇ ಸಾಕ್ಷಿ. 19ನೇ ಶತಮಾನದ ಕೊನೆಯಲ್ಲಿ ಕಟಾನಿಯಾ ಪ್ರಾಂತ್ಯದಲ್ಲಿ ಹತ್ತಾರು ಸಾವಿರ ಹೆಕ್ಟೇರ್ ದ್ರಾಕ್ಷಿ ಇತ್ತು. ರಿಪೊಸ್ತೊ ಬಂದರಿನಿಂದ ಪೀಪಾಯಿಗಟ್ಟಲೆ ವೈನು ಬೇರೆ ನಾಡಿನ ತೆಳು ವೈನಿಗೆ ಮೈ ತುಂಬಲು ಹೋಗ್ತಿತ್ತು, ಹೆಸರಿಲ್ಲದೆ. ಆಮೇಲೆ ಹುಳ, ಯುದ್ಧ, ವಲಸೆ. ಇಷ್ಟು ಕೈಕೆಲಸಕ್ಕೆ ತಕ್ಕ ಬೆಲೆ ಸಿಗದೆ ಒಡ್ಡುಗಳು ಪಾಳುಬಿದ್ದವು. 1968ರಲ್ಲಿ ಎಟ್ನಾ ವೈನಿಗೆ ಸಿಸಿಲಿಯ ಮೊಟ್ಟಮೊದಲ ಡಿಒಸಿ ಮಾನ್ಯತೆ ಸಿಕ್ಕಿದರೂ ಜನ ಬಿಟ್ಟುಹೋಗೋದು ನಿಲ್ಲಲಿಲ್ಲ. ಅದೇ ಬೆಟ್ಟ, ಅದೇ ಲಾವಾ, ಅದೇ 'ಖನಿಜ'. ರುಚಿ ಕಲ್ಲಿನಲ್ಲಿದ್ದಿದ್ದರೆ ತೋಟ ಯಾಕೆ ಪಾಳುಬೀಳಬೇಕಿತ್ತು? 2000ದ ಆಸುಪಾಸಿನಲ್ಲಿ ಸ್ಥಳೀಯರಲ್ಲಿ ಕೆಲವರು, ಹೊರಗಿನಿಂದ ಬಂದ ಕೆಲವರು ಹಳೇ ತೋಟ ಹಿಡಿದು ಒಳ್ಳೆಯ ಬೆಲೆಗೆ ಮಾರೋದನ್ನು ಕಲಿತ ಮೇಲೆಯೇ ಕೈಗಳು ವಾಪಸ್ ಬಂದದ್ದು.

ಈಗ ಸ್ವಲ್ಪ ಮನೆ ಕಡೆ ಬರೋಣ. ತಿಕೋಟಾದ ನಮ್ಮ ಎರಿ ಹೊಲವೂ ಜ್ವಾಲಾಮುಖಿಯದ್ದೇ. ಸುಮಾರು 6.6 ಕೋಟಿ ವರ್ಷದ ಹಿಂದೆ ದಖ್ಖನ್ನಿನ ಮೇಲೆ ಹರಿದ ಲಾವಾ ಬಸಾಲ್ಟ್ ಆಗಿ, ಬಸಾಲ್ಟ್ ಕರಗಿ ಕಪ್ಪು ಮಣ್ಣಾಗಿದೆ. ಹರವಿನಲ್ಲಿ ಅದರ ಮುಂದೆ ಎಟ್ನಾ ಒಂದು ಗುಡ್ಡ. ಹಾಗಂತ ತಾಸಗಾಂವದ ಸವಾಲಿನಲ್ಲಿ ನಮ್ಮ ಮಣೂಕ ಬಾಯಿಗೆ ಹಾಕಿಕೊಂಡ ಯಾವ ವ್ಯಾಪಾರಿಯೂ ಕಣ್ಣು ಅರ್ಧ ಮುಚ್ಚಿ "ಜ್ವಾಲಾಮುಖಿ ಗೊತ್ತಾಗ್ತಿದೆ" ಅಂದಿದ್ದನ್ನು ನಾನು ಕೇಳಿಲ್ಲ. ಬಣ್ಣ ನೋಡ್ತಾರೆ, ಕಾಳಿನ ಗಾತ್ರ ನೋಡ್ತಾರೆ, ದರ ಹೇಳ್ತಾರೆ. ಕಲ್ಲಿಗೆ ರುಚಿ ಬರೋದು ಪಕ್ಕದಲ್ಲಿ ಮೇಜು, ಗ್ಲಾಸು, ಮಾತು ಬಲ್ಲ ಹುಡುಗಿ ಇದ್ದಾಗ ಮಾತ್ರ ಅಂತಾಯಿತಲ್ಲ! ಬೆಂಗಳೂರಿನ ಸೂಪರ್ ಮಾರ್ಕೆಟಿನಲ್ಲಿ ಅದೇ ಮಣೂಕದ ಪ್ಯಾಕೆಟ್ಟಿಗೆ ಹತ್ತು ರೂಪಾಯಿ ಆಫರ್ ಹುಡುಕೋ ನಾವು, ಅಲ್ಲಿ 80 ಯೂರೊ ಎಣಿಸಿ ಕೊಟ್ಟು, ಯಾರಿಗೆ ಎಷ್ಟು ಹೋಯಿತು ಅಂತ ಒಂದು ಮಾತೂ ಕೇಳದೆ ಬಂದೆವು.

ಕೇಳಬೇಕಾದ ಕಾರಣ ಇದೆ. ಇಟಲಿಯಲ್ಲಿ ಇಡೀ ದೇಶಕ್ಕೆ ಒಂದೇ ಕನಿಷ್ಠ ವೇತನ ಅಂತ ಕಾನೂನಿಲ್ಲ, ಕಾರ್ಮಿಕ ಸಂಘಗಳ ಒಪ್ಪಂದದಲ್ಲಿ ದರ ನಿಗದಿಯಾಗುತ್ತೆ. ಒಪ್ಪಂದದ ಹೊರಗೆ ದಲ್ಲಾಳಿಗಳ ಲೋಕ ಒಂದಿದೆ. ಬೆಳಗ್ಗೆ ವ್ಯಾನಿನಲ್ಲಿ ಆಳು ತುಂಬಿಸಿ ಹೊಲಕ್ಕೆ ಒಯ್ಯೋರು, ಕೂಲಿಯಲ್ಲಿ ಪಾಲು ಮುರಿಯೋರು. ಇದಕ್ಕೆ 'ಕಪೊರಲಾತೊ' ಅನ್ನೋ ಹೆಸರೇ ಇದೆ. 2016ರ 199ನೇ ಕಾನೂನು ದಲ್ಲಾಳಿಯನ್ನಷ್ಟೇ ಅಲ್ಲ, ಅಂಥ ಆಳನ್ನು ದುಡಿಸಿಕೊಳ್ಳೋ ಮಾಲೀಕನನ್ನೂ ಶಿಕ್ಷೆಗೆ ಗುರಿ ಮಾಡುತ್ತೆ. ಆದರೂ 2024ರ ಜೂನಿನಲ್ಲಿ ರೋಮಿನ ದಕ್ಷಿಣಕ್ಕಿರುವ ಲಾತೀನಾ ಸೀಮೆಯ ಹೊಲವೊಂದರಲ್ಲಿ, ಕಾಗದಪತ್ರ ಇಲ್ಲದೆ ದುಡೀತಿದ್ದ ಪಂಜಾಬಿನ 31 ವರ್ಷದ ಹುಡುಗನೊಬ್ಬನ ತೋಳು ಯಂತ್ರಕ್ಕೆ ಸಿಕ್ಕಿ ಕತ್ತರಿಸಿಹೋಯಿತು. ಆಸ್ಪತ್ರೆಗೆ ಒಯ್ಯದೆ ಅವನ ಮನೆ ಹತ್ತಿರ ಬಿಟ್ಟುಹೋದರು. ಎರಡು ದಿನದಲ್ಲಿ ತೀರಿಕೊಂಡ. ಅದು ಎಟ್ನಾದಲ್ಲಿ ಆದದ್ದಲ್ಲ, ದ್ರಾಕ್ಷಿ ತೋಟದಲ್ಲೂ ಅಲ್ಲ. ನಾವು ಹೋದ ತೋಟದಲ್ಲಿ ಅನ್ಯಾಯ ನಡೀತಿತ್ತು ಅಂತಲೂ ನಾನು ಹೇಳ್ತಿಲ್ಲ. ಹೇಳೋಕೆ ನನಗೆ ಗೊತ್ತಿದ್ದರೆ ತಾನೇ? ಬಗ್ಗಿಕೊಂಡು ಹಣ್ಣು ಕೊಯ್ಯೋರ ಫೋಟೋ ನನ್ನ ಫೋನಿನಲ್ಲಿದೆ. ಅವರು ಯಾವ ಊರಿನವರು ಅಂತ ಕೂಡ ನಾನು ಕೇಳಿಲ್ಲ.

ಈ ಮಾತನ್ನು ಗೆಳೆಯರ ಮುಂದೆ ಎತ್ತಿದೆ. "ರಜೆಗೆ ಹೋದವನು ಲೇಬರ್ ಇನ್ಸ್‌ಪೆಕ್ಟರ್ ಆಗಬೇಕಾ ಮಗಾ?" ಅಂದ ಒಬ್ಬ. ಇನ್‌ಸ್ಪೆಕ್ಷನ್ ಬೇಡ, ಕುತೂಹಲ ಸಾಕು. ಅದೇ ಗೆಳೆಯ ಅದೇ ಮೇಜಿನಲ್ಲಿ ಸಲ್ಫೈಟ್ ಎಷ್ಟಿದೆ, ಪೀಪಾಯಿ ಯಾವ ಮರದ್ದು, ಬೆಂಗಳೂರಿಗೆ ಕೊರಿಯರ್ ಆಗುತ್ತಾ ಅಂತ ಮೂರು ಪ್ರಶ್ನೆ ಕೇಳಿದ್ದ. ನಾಲ್ಕನೆಯದು ಕೇಳಿದರೆ ರಜೆ ಹಾಳಾಗೋದಿಲ್ಲ. ಇನ್ನೊಬ್ಬಳು ಹೆಚ್ಚು ಗಟ್ಟಿಯಾದ ವಾದ ಇಟ್ಟಳು: ನಾವು ಕೊಡೋ ದುಡ್ಡಿನಿಂದಲೇ ಆ ಒಡ್ಡುಗಳು ಉಳಿದಿವೆ, ಪ್ರವಾಸಿ ಬರದಿದ್ದರೆ ಮತ್ತೆ ಪಾಳು. ಒಪ್ಪಿದೆ. ಅದಕ್ಕೇ ನಾನು ಹೋಗಬೇಡಿ ಅಂತಿಲ್ಲ, ಕುಡೀಬೇಡಿ ಅಂತಲೂ ಅಲ್ಲ. ನಮ್ಮ ದುಡ್ಡು ಗೋಡೆ ಉಳಿಸೋದು ನಿಜವಾದರೆ ಗೋಡೆಯ ಬಗ್ಗೆ ಕೇಳೋ ಹಕ್ಕೂ ನಮ್ಮದು. ಗ್ರಾಹಕ ಏನು ಕೇಳ್ತಾನೋ ತೋಟದವರು ಅದನ್ನು ಹೇಳೋಕೆ ಕಲೀತಾರೆ. ನಾವು ಬೆಂಕಿ ಕೇಳಿದೆವು, ಅವರು ಬೆಂಕಿ ಬಡಿಸಿದರು. ಆ ಹುಡುಗಿಯದೇನು ತಪ್ಪು?

ಆದ್ದರಿಂದ ಮುಂದಿನ ಸಲ, ಎಟ್ನಾ ಆಗಲಿ, ವೆಸೂವಿಯಸ್ ಆಗಲಿ, ನಮ್ಮ ನಂದಿಬೆಟ್ಟದ ತಪ್ಪಲೇ ಆಗಲಿ, ಬುಕ್ ಮಾಡೋ ಮುಂಚೆ ಒಂದು ಮೇಲ್ ಹಾಕಿ. ಚಾಟ್ನಿ ಮಾಡೋರು ವರ್ಷಪೂರ್ತಿ ಕೆಲಸದಲ್ಲಿದ್ದಾರಾ ಅಥವಾ ಸುಗ್ಗಿಗೆ ಮಾತ್ರ ಬರ್ತಾರಾ? ಅವರನ್ನು ಕರೆತರೋದು ಯಾರು? ಒಡ್ಡು ಬಿದ್ದರೆ ಕಟ್ಟೋರು ಇನ್ನೂ ಇದ್ದಾರಾ? ಉತ್ತರ ಕೊಡೋ ತೋಟಕ್ಕೆ ಹೋಗಿ, ಅಲ್ಲಿ ಒಂದು ಬಾಟಲಿ ಜಾಸ್ತಿಯೇ ತಗೊಳ್ಳಿ. ರುಚಿ ಬಗ್ಗೆ ಕೇಳಿದರೆ ಹುಳಿ ಚೆನ್ನಾಗಿದೆ ಅನ್ನಿ. ಅದು ನಿಜ, ಮತ್ತು ಅಷ್ಟು ಸಾಕು.

ನಾನೂ ತಡವಾಗಿ ಮೇಲ್ ಹಾಕಿದೆ, ಅಪ್ಪನ ನಾಲ್ಕೂ ಪ್ರಶ್ನೆ ಸೇರಿಸಿ. ಹತ್ತು ದಿನಕ್ಕೆ ಉತ್ತರ ಬಂತು, ಅದೇ ಹುಡುಗಿಯಿಂದ. ಪ್ರವಾಸಿಗಳು ಇದನ್ನೆಲ್ಲ ಕೇಳೋದಿಲ್ಲವಾದ್ದರಿಂದ ತೋಟದ ಮೇಸ್ತ್ರಿಯನ್ನು ವಿಚಾರಿಸಿ ಬರೆದಿದ್ದೀನಿ ಅಂತ ಶುರು ಮಾಡಿದ್ದಳು. ಗಿಡಕ್ಕೆ ಮೂರೋ ನಾಲ್ಕೋ ತೋಳು, ಪ್ರತಿ ತೋಳಿನಲ್ಲಿ ಒಂದು ಚಿಕ್ಕ ಕಡ್ಡಿ, ಕಡ್ಡಿಗೆ ಎರಡು ಕಣ್ಣು. ಒಡ್ಡು ಹಾಕಿದ್ದು ಹಿಂದಿನ ಮಾಲೀಕರ ಕಾಲದ ಜನ. ಈಗ ಬಿದ್ದರೆ ಕಟ್ಟೋಕೆ ಊರಿನಲ್ಲಿ ಇಬ್ಬರಿದ್ದಾರೆ, ಇಬ್ಬರಿಗೂ ವಯಸ್ಸಾಗಿದೆ. ಬೂದಿ ಬಿದ್ದರೆ ಮಳೆಗೆ ಕಾಯ್ತಾರೆ. ಮಳೆ ಬರದಿದ್ದರೆ ಗಾಳಿಯಂತ್ರದಲ್ಲಿ ಊದ್ತಾರೆ.

ಅಪ್ಪನಿಗೆ ಫೋನ್ ಮಾಡಿ ಓದಿ ಹೇಳಿದೆ.

"ಎರಡ ಕಣ್ಣ?" ಅಂದರು. ಸ್ವಲ್ಪ ಹೊತ್ತು ಲೆಕ್ಕ ಹಾಕಿದರು ಅಂತ ಕಾಣುತ್ತೆ. "ಭಾಳ ಕಡಿಮಿ ಆತು. ಹಣ್ಣ ಕಡಿಮಿ, ಆದ್ರ ಛಲೋ ಬರ್ತಾವ. ತಿಳದಾವ್ರ ಅದಾರ." ಆಮೇಲೆ ಕೇಳಿದರು, "ಪಗಾರದ್ದ ಏನ ಬರದಾಳ?"

ಅದಕ್ಕೆ ಉತ್ತರ ಬಂದಿರಲಿಲ್ಲ. ಇನ್ನೊಂದು ಮೇಲ್ ಹಾಕಿದ್ದೀನಿ.